ಬೀಗ ಹಾಕಿದ ಶಾಲಾ ಕೊಠಡಿಯನ್ನು ಕೇಳುವ ಮೊದಲು



ನಿಮ್ಮ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎಷ್ಟು ಕೊಠಡಿಗಳಿವೆ, ಅವುಗಳಲ್ಲಿ ಎಷ್ಟರಲ್ಲಿ ಪಾಠ ನಡೆಯುತ್ತದೆ ಅಂತ ಎಂದಾದರೂ ಲೆಕ್ಕ ಹಾಕಿದ್ದೀರಾ? ಬಹಳ ಹಳ್ಳಿಗಳಲ್ಲಿ ಒಂದೋ ಎರಡೋ ಕೊಠಡಿಗೆ ಬೀಗ ಬಿದ್ದಿರುತ್ತದೆ. ಕಿಟಕಿಯಲ್ಲಿ ಇಣುಕಿ ನೋಡಿದರೆ ಮುರಿದ ಬೆಂಚು, ಹಳೇ ನಕಾಶೆ, ಮೂಲೆಯಲ್ಲಿ ಗೆದ್ದಲು. ಅದೇ ಊರಿನಲ್ಲಿ ಅಂಗನವಾಡಿ ಯಾರದೋ ಬಾಡಿಗೆ ಮನೆಯ ಹಿಂಬದಿಯಲ್ಲಿ ನಡೀತಿರುತ್ತದೆ. ನಮ್ಮ ಸಂಘದ ಸಭೆ ಒಬ್ಬರ ಮನೆಯ ಜಗಲಿಯಲ್ಲಿ, ಅವರ ಮನೆಯ ಗಂಡಸರು ಬರುವ ಹೊತ್ತಿಗೆ ಮುಗಿಸಬೇಕು ಅನ್ನುವ ಅವಸರದಲ್ಲಿ. ಹಾಗಾಗಿ "ಆ ಕೊಠಡಿ ನಮಗೆ ಕೊಡಬಾರದಾ?" ಅನ್ನುವ ಪ್ರಶ್ನೆ ಒಕ್ಕೂಟದ ಸಭೆಗಳಲ್ಲಿ ಏಳುವುದು ಸಹಜವೇ.

ಕೇಳಬಹುದು. ಕೇಳಲೂಬೇಕು. ಆದರೆ ಯಾವುದಕ್ಕೆ ಕೇಳುತ್ತೇವೆ, ಹೇಗೆ ಕೇಳುತ್ತೇವೆ ಅನ್ನುವುದರ ಮೇಲೆ ಎರಡು ಬೇರೆ ಬೇರೆ ಫಲ ಬರುತ್ತದೆ. ಒಂದು ರೀತಿಯಲ್ಲಿ ಕೇಳಿದರೆ ಶಾಲೆಗೆ ಜನ ಬರುತ್ತಾರೆ, ಮಕ್ಕಳೂ ಬರುತ್ತಾರೆ. ಇನ್ನೊಂದು ರೀತಿಯಲ್ಲಿ ಕೇಳಿದರೆ "ಈ ಶಾಲೆಗೆ ಇಷ್ಟು ಜಾಗ ಬೇಡ" ಅಂತ ನಾವೇ ಕೈಯಾರೆ ಬರೆದುಕೊಟ್ಟ ಹಾಗೆ ಆಗುತ್ತದೆ. ಈ ವ್ಯತ್ಯಾಸ ತಿಳಿಯಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊಠಡಿ ಖಾಲಿಯಾಗಿದ್ದು ಯಾಕೆ?

ಮೊದಲ ಕಾರಣ ನಮ್ಮ ಮನೆಗಳಲ್ಲೇ ಇದೆ. ನಮ್ಮ ಅಜ್ಜಿಯರು ಆರು ಏಳು ಹೆತ್ತರು. ಈಗ ಒಂದು ಅಥವಾ ಎರಡು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2019-21ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 1.7. ಅಂದರೆ ಒಂದನೇ ತರಗತಿಗೆ ಬರುವ ಮಕ್ಕಳೇ ಕಡಿಮೆ. ಎರಡನೆಯದು, ಬೆಳಿಗ್ಗೆ ಊರಿಗೆ ಬರುವ ಹಳದಿ ವ್ಯಾನು. ಇಂಗ್ಲಿಷ್ ಮೀಡಿಯಂ ಅಂತ ಹೇಳಿ ನಾವೇ ಸಾಲ ಮಾಡಿ ಫೀಸು ಕಟ್ಟುತ್ತೇವೆ. ಸಂಘದ ಸಾಲದ ಪುಸ್ತಕ ತೆಗೆದು ನೋಡಿ, "ಮಕ್ಕಳ ಶಾಲೆ ಫೀಸು" ಅಂತ ಎಷ್ಟು ಕಡೆ ಬರೆದಿದೆ! ಮೂರನೆಯದು ಗುಳೆ.

ಇದರ ಜೊತೆಗೆ ಇನ್ನೊಂದು ವಿಷಯ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಮಕ್ಕಳು ಕಡಿಮೆ ಆಗುತ್ತಿದ್ದ ಅದೇ ವರ್ಷಗಳಲ್ಲಿ ಕೊಠಡಿಗಳು ಹೆಚ್ಚಾದವು. 2001ರ ನಂತರ ಸರ್ವ ಶಿಕ್ಷಣ ಅಭಿಯಾನದಲ್ಲಿ ಎಷ್ಟೋ ಶಾಲೆಗಳಿಗೆ ಹೊಸ ಕೊಠಡಿ ಬಂತು. ಹೊಸದು ಬಂದಾಗ ಹೆಂಚಿನ ಹಳೇ ಕೊಠಡಿಗೆ ಬೀಗ ಬಿತ್ತು. ಮತ್ತೆ 'ನಲಿ-ಕಲಿ' ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಈ ಪದ್ಧತಿಯಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕೂತು ಕಲಿಯುತ್ತಾರೆ. ಮೊದಲು ತರಗತಿಗೊಂದು ಕೊಠಡಿ ಬೇಕಿತ್ತು, ಈಗ ಒಂದು ಸಾಕು.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಲಿ-ಕಲಿ ಕೊಠಡಿಯಲ್ಲಿ ಬೆಂಚು ಇರುವುದಿಲ್ಲ, ನೆಲ ಖಾಲಿ ಇರುತ್ತದೆ, ಮೇಲೆ ದಾರದಲ್ಲಿ ಚಿತ್ರಗಳು ತೂಗುತ್ತಿರುತ್ತವೆ. ಅದನ್ನು ನೋಡಿ "ಖಾಲಿ ಬಿದ್ದಿದೆ" ಅನ್ನಬೇಡಿ. ಅದು ಶಾಲೆಯ ಅತಿ ಮುಖ್ಯ ಕೊಠಡಿ. ಹಾಗೆಯೇ ಅಕ್ಷರ ದಾಸೋಹದ ಅಕ್ಕಿ-ಬೇಳೆ ಇಡುವ ಕೋಣೆ, ಮಳೆಗಾಲದಲ್ಲಿ ಮಕ್ಕಳು ಊಟಕ್ಕೆ ಕೂರುವ ಕೋಣೆ ಇವೂ ಖಾಲಿ ಅಲ್ಲ.

ಎಲ್ಲ ಬೀಗವೂ ಒಂದೇ ಅಲ್ಲ

ಬೀಗ ಹಾಕಿದ ಕೊಠಡಿಗಳಲ್ಲಿ ಮೂರು ಜಾತಿ ಇದೆ. ಒಂದು, ಶಾಲೆ ನಡೀತಾ ಇದೆ, ಗೋಡೆ-ಮಾಡು ಗಟ್ಟಿ ಇದೆ, ಆದರೆ ಮಕ್ಕಳು ಕಡಿಮೆ ಅಂತ ಬಳಕೆ ಇಲ್ಲ. ನಾವು ಕೇಳಬಹುದಾದದ್ದು ಇದನ್ನೇ. ಎರಡು, ಇಡೀ ಶಾಲೆಯಲ್ಲೇ ಮಕ್ಕಳಿಲ್ಲ. 2024-25ರ ಲೆಕ್ಕದಲ್ಲಿ ದೇಶದಲ್ಲಿ ಒಂದು ಮಗುವೂ ದಾಖಲಾಗದ ಶಾಲೆಗಳು ಸುಮಾರು 8 ಸಾವಿರ. ಇದರ ದಾರಿ ಬೇರೆ, ಮುಂದೆ ಹೇಳುತ್ತೇನೆ. ಮೂರು, ಶಿಥಿಲವಾದದ್ದು. ಇದರ ಹತ್ತಿರವೂ ಹೋಗಬಾರದು.

"ನಾವು ಸುಣ್ಣ ಹೊಡೆದು, ಎರಡು ಹೆಂಚು ಬದಲಾಯಿಸಿ ಸರಿ ಮಾಡ್ಕೋತೀವಿ" ಅಂತ ನಮ್ಮ ಹೆಣ್ಣುಮಕ್ಕಳು ಧೈರ್ಯದಿಂದ ಹೇಳುತ್ತಾರೆ. ಧೈರ್ಯ ಒಳ್ಳೆಯದೇ, ಆದರೆ ತೊಲೆಗೆ ಗೆದ್ದಲು ಹಿಡಿದಿದೆಯೋ, ಸ್ಲ್ಯಾಬಿನ ಒಳಗೆ ಕಬ್ಬಿಣ ತುಕ್ಕು ಹಿಡಿದಿದೆಯೋ ಅನ್ನೋದು ಸುಣ್ಣದ ಮೇಲೆ ಕಾಣುವುದಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಸತ್ತರು. ಮಳೆಗಾಲದ ಬೆಳಿಗ್ಗೆ, ಮಕ್ಕಳು ಶಾಲೆಯಲ್ಲಿದ್ದ ಹೊತ್ತು. ಆದ್ದರಿಂದ ಕೊಠಡಿ ಬಳಕೆಗೆ ಯೋಗ್ಯ ಅಂತ ಎಂಜಿನಿಯರು ಬರೆದು ಕೊಟ್ಟ ಕಾಗದ ಇಲ್ಲದೆ ಒಳಗೆ ಕಾಲಿಡಬೇಡಿ. ಅಧ್ಯಕ್ಷರು ಹೇಳಿದರು, ಮೇಷ್ಟ್ರು ಹೇಳಿದರು ಅನ್ನುವುದು ಸಾಲದು.

ಯಾರ ಕೊಠಡಿ ಇದು?

"ಊರಿನ ಶಾಲೆ, ನಮ್ದೇ ಅಲ್ವಾ?" ಅನ್ನುತ್ತೇವೆ. ಅರ್ಧ ಸತ್ಯ. ಎಷ್ಟೋ ಹಳೇ ಶಾಲೆಗಳಿಗೆ ಜಾಗ ಕೊಟ್ಟವರು ಊರಿನವರೇ, ಕಲ್ಲು ಹೊತ್ತವರು ನಮ್ಮ ಹಿರಿಯರೇ. ಆದರೆ ಈಗ ಅದು ಸಾರ್ವಜನಿಕ ಆಸ್ತಿ. ನೋಡಿಕೊಳ್ಳುವ ಜವಾಬ್ದಾರಿ ಮುಖ್ಯ ಶಿಕ್ಷಕರದ್ದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದ್ದು (ಎಸ್‌ಡಿಎಂಸಿ ಅಂತ ಕರೆಯುತ್ತೇವಲ್ಲ), ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳದ್ದು. ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಗೆ ಕಾನೂನಿನ ಬಲವೇ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ-ಪೋಷಕರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು ಅನ್ನುತ್ತದೆ ಕಾಯ್ದೆ. ಈ ಅರ್ಧ ಜನ ಯಾರು? ನಮ್ಮ ಸಂಘದವರೇ ಇರುತ್ತಾರೆ. ಸಭೆಗೆ ಹೋಗಿ ಸಹಿ ಮಾಡಿ ಟೀ ಕುಡಿದು ಬರುವುದು ಬಿಟ್ಟು ಅಲ್ಲಿ ಬಾಯಿ ತೆಗೆಯಬೇಕಾದ ವಿಷಯ ಇದು.

ಮುಖ್ಯ ಶಿಕ್ಷಕರು ಹಿಂಜರಿದರೆ ಬೈಯಬೇಡಿ. ಅವರ ಹೆದರಿಕೆಗೆ ಕಾರಣ ಇದೆ. ಶಾಲೆಯ ಆವರಣ ಮತ್ತು ಆಟದ ಮೈದಾನವನ್ನು ಶೈಕ್ಷಣಿಕ ಚಟುವಟಿಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ 2013ರಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿದೆ. 2025ರಲ್ಲಿ ಆ ಸುತ್ತೋಲೆ ಮತ್ತೆ ರಾಜ್ಯದಲ್ಲೆಲ್ಲ ಚರ್ಚೆಗೆ ಬಂದದ್ದು ನಿಮಗೆ ನೆನಪಿರಬಹುದು. ಬಾಯಿಮಾತಿನಲ್ಲಿ ಬೀಗದ ಕೈ ಕೊಟ್ಟು ನಾಳೆ ಏನಾದರೂ ಆದರೆ ನೋಟಿಸು ಬರುವುದು ಅವರಿಗೇ. ನನ್ನ ಅನುಭವದಲ್ಲಿ, ಎಲ್ಲವೂ ಬರವಣಿಗೆಯಲ್ಲಿ ಇರುತ್ತದೆ ಅಂತ ಗೊತ್ತಾದರೆ ಬಹಳಷ್ಟು ಮೇಷ್ಟ್ರುಗಳು ನಮ್ಮ ಪರವೇ ನಿಲ್ಲುತ್ತಾರೆ. ಖಾಲಿ ಶಾಲೆಯಲ್ಲಿ ಒಬ್ಬರೇ ಕೂರುವುದು ಅವರಿಗೇನು ಖುಷಿಯೇ?

ಇನ್ನೊಂದು ಕಡೆ, ಕೇಂದ್ರ ಸರ್ಕಾರದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲೆಗಳ ಬಳಕೆಯಾಗದ ಸೌಕರ್ಯವನ್ನು ಪಾಠವಿಲ್ಲದ ಹೊತ್ತಿನಲ್ಲಿ ಸಮುದಾಯದ ಸಾಮಾಜಿಕ, ಬೌದ್ಧಿಕ ಕೆಲಸಗಳಿಗೆ 'ಸಾಮಾಜಿಕ ಚೇತನಾ ಕೇಂದ್ರ'ವಾಗಿ ಬಳಸಬಹುದು ಎಂಬ ಮಾತೂ ಇದೆ. ನಮ್ಮ ರಾಜ್ಯ ಸರ್ಕಾರ ಆ ನೀತಿಯ ದಾರಿ ಬಿಟ್ಟು 2023ರಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ರಚಿಸಿತು. ಹಾಗಾಗಿ ಆ ಸಾಲನ್ನು ಹಿಡಿದು "ನಮಗೆ ಹಕ್ಕಿದೆ" ಅಂತ ಜಗಳಕ್ಕೆ ನಿಲ್ಲಲು ಬರುವುದಿಲ್ಲ. ಶೈಕ್ಷಣಿಕ ಉದ್ದೇಶ ಅಂತ ಹೇಳಬಹುದಾದ ಕೆಲಸವನ್ನೇ ಮುಂದೆ ಇಟ್ಟುಕೊಂಡು, ಅನುಮತಿ ಪಡೆದು ಹೋಗುವುದೇ ಸರಿಯಾದ ದಾರಿ.

ಹಾಗೆ ನೋಡಿದರೆ ಶಾಲೆ ಯಾವತ್ತೂ ಬರೀ ಪಾಠಕ್ಕೆ ಮಾತ್ರ ಇರಲಿಲ್ಲ. ಮತ ಹಾಕಲು ಎಲ್ಲಿಗೆ ಹೋಗುತ್ತೇವೆ? 2009ರ ಮತ್ತು 2019ರ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟು ಕುಟುಂಬಗಳು ಶಾಲೆಯ ಕೊಠಡಿಯಲ್ಲಿ ಮಲಗಿದವು! ಕೊರೊನಾ ಕಾಲದಲ್ಲಿ ಇದು ತಿರುವುಮುರುವಾಯಿತು. ಶಾಲೆ ಮುಚ್ಚಿತ್ತು, 2020ರಲ್ಲಿ 'ವಿದ್ಯಾಗಮ' ಅಂತ ಮೇಷ್ಟ್ರುಗಳು ನಮ್ಮ ಜಗಲಿ, ದೇವಸ್ಥಾನದ ಪ್ರಾಂಗಣ, ಮರದ ನೆರಳಿಗೆ ಬಂದು ಮಕ್ಕಳಿಗೆ ಕಲಿಸಿದರು. ಆಗ ಊರು ಶಾಲೆಗೆ ಜಾಗ ಕೊಟ್ಟಿತು. ಈಗ ಶಾಲೆ ಊರಿಗೆ ಕೊಡಲಿ ಅನ್ನುವುದರಲ್ಲಿ ತಪ್ಪೇನಿಲ್ಲ.

ಜಪಾನಿನಿಂದ ಒಂದು ಮಾತು

ಮಕ್ಕಳು ಕಡಿಮೆಯಾಗಿ ಶಾಲೆ ಖಾಲಿಯಾಗುವುದನ್ನು ನಮಗಿಂತ ಬಹಳ ಮೊದಲೇ ಕಂಡ ದೇಶ ಜಪಾನು. ಅಲ್ಲಿ 2002ರಿಂದ 2020ರವರೆಗೆ ಮುಚ್ಚಿದ ಸರ್ಕಾರಿ ಶಾಲೆಗಳು 8,580. ಅವುಗಳಲ್ಲಿ ಕಟ್ಟಡ ಉಳಿದಿರುವ ಶಾಲೆಗಳ ಪೈಕಿ ನೂರಕ್ಕೆ ಸುಮಾರು 74 ಬೇರೆ ಕೆಲಸಕ್ಕೆ ಬಳಕೆಯಲ್ಲಿವೆ. ಮುರೊತೊ ಎಂಬ ಕಡಲೂರಿನ ಹಳೇ ಪ್ರಾಥಮಿಕ ಶಾಲೆಯನ್ನು 2018ರಲ್ಲಿ ಮೀನಿನ ಪ್ರದರ್ಶನಾಲಯ ಮಾಡಿದ್ದಾರೆ. ಮಕ್ಕಳು ಈಜು ಕಲಿಯುತ್ತಿದ್ದ ಕೊಳದಲ್ಲಿ ಈಗ ಶಾರ್ಕ್ ಮೀನು, ಆಮೆ! ನಡೆಯುತ್ತಿರುವ ಶಾಲೆಗಳಲ್ಲೂ ಮಿಕ್ಕ ಕೊಠಡಿಯನ್ನು, ದುಡಿಯುವ ತಾಯಂದಿರ ಮಕ್ಕಳು ಶಾಲೆ ಬಿಟ್ಟ ಮೇಲೆ ಸಂಜೆವರೆಗೆ ಇರುವುದಕ್ಕೆ ಬಳಸುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಕ್ಯೋಟೊ ನಗರದ ಕಥೆ. ಅಲ್ಲಿ 1869ರಲ್ಲಿ, ದೇಶದಲ್ಲಿ ಸರ್ಕಾರಿ ಶಾಲಾ ವ್ಯವಸ್ಥೆ ಬರುವ ಮೊದಲೇ, ಕೇರಿಯ ಜನರು ಸೇರಿ 64 ಪ್ರಾಥಮಿಕ ಶಾಲೆ ಕಟ್ಟಿದರು. ಮನೆಯಲ್ಲಿ ಒಲೆ ಉರಿಯುವ ಪ್ರತಿ ಕುಟುಂಬವೂ ವಂತಿಗೆ ಕೊಡಬೇಕು, ಮಕ್ಕಳಿರಲಿ ಇಲ್ಲದಿರಲಿ. ಅದಕ್ಕೆ 'ಒಲೆ ಹಣ' ಅಂತಲೇ ಹೆಸರು. ಆ ಶಾಲೆಗಳಲ್ಲಿ ಪಾಠದ ಜೊತೆಗೇ ಕೇರಿಯ ಸಭೆ, ಬೆಂಕಿ ಕಾವಲು ಎಲ್ಲವೂ ಇತ್ತು. ಅಂಥದೊಂದು ಶಾಲೆ, ತಾತ್ಸುಇಕೆ ಅಂತ ಅದರ ಹೆಸರು, 1995ರಲ್ಲಿ ಮುಚ್ಚಿತು. ಕಟ್ಟಡವನ್ನು ಕೆಡವಲಿಲ್ಲ. 2006ರಿಂದ ಅದು ಚಿತ್ರಕಥೆಗಳ ಸಂಗ್ರಹಾಲಯ.

ಆದರೆ ಜಪಾನಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳೇ ಇಲ್ಲ. ನಮ್ಮಲ್ಲಿ ಮಕ್ಕಳು ಇದ್ದಾರೆ, ಹಳದಿ ವ್ಯಾನಿನಲ್ಲಿ ಕೂತಿದ್ದಾರೆ, ಇಲ್ಲವೇ ಅಪ್ಪ-ಅಮ್ಮನ ಜೊತೆ ಗುಳೆ ಹೋಗಿದ್ದಾರೆ. ಅವರು ನಾಳೆ ವಾಪಸು ಬರಬಹುದು. ಕೊರೊನಾ ವರ್ಷಗಳಲ್ಲಿ ಫೀಸು ಕಟ್ಟಲಾಗದೆ ಎಷ್ಟೋ ಮಕ್ಕಳು ಸರ್ಕಾರಿ ಶಾಲೆಗೆ ಮರಳಿ ಬಂದದ್ದು ಕಂಡಿದ್ದೇವಲ್ಲ. ಆದ್ದರಿಂದ ನಮ್ಮ ಕೊಠಡಿ ಖಾಲಿ ಅಲ್ಲ, ಕಾಯುತ್ತಿದೆ. ನಾವು ಅದನ್ನು ಮಕ್ಕಳಿಂದ ಕಡ ತೆಗೆದುಕೊಳ್ಳುತ್ತಿದ್ದೇವೆ. ಕಡದ ಲೆಕ್ಕ ನಮಗೆ ಹೊಸದಲ್ಲ. ತೆಗೆದುಕೊಳ್ಳುವಾಗಲೇ ತೀರಿಸುವ ಮಾತೂ ಆಗಬೇಕು.

ಯಾವುದಕ್ಕೆ ಕೇಳೋಣ?

ಮೊದಲು ಅಂಗನವಾಡಿ. ನಮ್ಮ ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು, ನಮ್ಮ ತಿರುಮಕೂಡಲು ನರಸೀಪುರವೂ ಅದರಲ್ಲಿ ಒಂದು. ಐವತ್ತು ವರ್ಷ ದಾಟಿದರೂ ಸ್ವಂತ ಕಟ್ಟಡ ಇಲ್ಲದ ಅಂಗನವಾಡಿಗಳು ಇನ್ನೂ ಇವೆ. ಅಂಗನವಾಡಿಯನ್ನು ಪ್ರಾಥಮಿಕ ಶಾಲೆಯ ಆವರಣಕ್ಕೆ ತರುವ ಬಗ್ಗೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹಾಗೂ ಶಿಕ್ಷಣ ಸಚಿವಾಲಯ ಸೇರಿ 2025ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿವೆ. ಕೇಳುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಇದರಲ್ಲಿ ಎರಡು ಲಾಭ. ಮೂರು ವರ್ಷದ ಮಗು ದಿನಾ ಅದೇ ಗೇಟಿನಲ್ಲಿ ಒಳಗೆ ಬಂದರೆ ಆರನೇ ವರ್ಷಕ್ಕೆ ಅದೇ ಶಾಲೆಯ ಒಂದನೇ ತರಗತಿಗೆ ಬರುವ ಸಂಭವ ಹೆಚ್ಚು. ಇನ್ನೊಂದು ಲಾಭ ಅಕ್ಕನಿಗೆ. ತಾಯಿ ಕೂಲಿಗೆ ಹೋದರೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮನೆಯಲ್ಲಿ ಉಳಿಯುವುದು ಯಾರು? ಎಂಟು-ಒಂಬತ್ತು ವರ್ಷದ ಹುಡುಗಿ. ತಮ್ಮ ಪಕ್ಕದ ಕೋಣೆಯಲ್ಲೇ ಇದ್ದರೆ ಅಕ್ಕ ತರಗತಿಯಲ್ಲಿ ಇರುತ್ತಾಳೆ. ಇನ್ನೂ ಚಿಕ್ಕ ಶಿಶುಗಳಿಗಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ 4,000 'ಕೂಸಿನ ಮನೆ' ಘೋಷಣೆ ಆಯಿತು. ಪಂಚಾಯ್ತಿಯವರು ಅದಕ್ಕೆ ಜಾಗ ಹುಡುಕುವಾಗ ಗಟ್ಟಿಮುಟ್ಟಾದ ಶಾಲಾ ಕೊಠಡಿ ಒಂದಿದೆ ಅಂತ ತೋರಿಸುವವರು ನಾವೇ ಆಗಬಹುದು. ಚಿಕ್ಕ ಮಕ್ಕಳು ಬರುವುದಾದರೆ ಅವರ ಅಳತೆಯ ಶೌಚಾಲಯ, ಕುಡಿಯುವ ನೀರು, ಹೊರಗೆ ಓಡಿಹೋಗದ ಹಾಗೆ ಬಾಗಿಲಿಗೆ ಅಡ್ಡಗೇಟು ಇವನ್ನು ಮೊದಲೇ ನೋಡಿ.

ಎರಡನೆಯದು ಓದುವ ಕೋಣೆ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ 'ಅರಿವು ಕೇಂದ್ರ' ಅನ್ನುವ ಹೆಸರಿನಲ್ಲಿ ಚೆನ್ನಾಗಿ ನಡೆಯುವ ಕಡೆ ಮಕ್ಕಳು ತುಂಬಿರುತ್ತಾರೆ. ಆದರೆ ಅದು ಪಂಚಾಯ್ತಿ ಇರುವ ಊರಿನಲ್ಲಿ. ಮೂರು ಕಿಲೋಮೀಟರು ದೂರದ ಹಾಡಿ, ತಾಂಡಾ, ಕೇರಿಯ ಹುಡುಗಿ ಸಂಜೆ ಅಲ್ಲಿಗೆ ಹೋಗಿ ಬರುತ್ತಾಳೆಯೇ? ಅವಳ ಊರಿನ ಶಾಲೆಯಲ್ಲೇ ಸಂಜೆ ಐದರಿಂದ ಏಳರವರೆಗೆ ಒಂದು ದೀಪ, ಒಂದು ಚಾಪೆ, ನೂರು ಪುಸ್ತಕ ಇದ್ದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಎಷ್ಟು ಅನುಕೂಲ! ಸಂಘದ ಇಬ್ಬರು ಸರದಿ ಪ್ರಕಾರ ಕೂತರೆ ಸಾಕು. ನಿಮಗೆ ಗಣಿತ ಬರಬೇಕಾಗಿಲ್ಲ. ದೊಡ್ಡವರು ಒಬ್ಬರು ಕೂತಿದ್ದಾರೆ ಅನ್ನುವುದೇ ಮುಖ್ಯ.

ಮೂರನೆಯದು ನಮ್ಮದೇ ಕಲಿಕೆ. 2011ರ ಜನಗಣತಿಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 68, ಗಂಡಸರಲ್ಲಿ 82. ಆಗ ಉಳಿದ ಆ 32 ಜನರಲ್ಲಿ ಅನೇಕರು ಇವತ್ತೂ ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಾರೆ, ತಮ್ಮ ಉಳಿತಾಯ ಎಷ್ಟು ಅಂತ ಬೇರೆಯವರನ್ನು ಕೇಳುತ್ತಿದ್ದಾರೆ. 2022ರಲ್ಲಿ ಶುರುವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ('ಉಲ್ಲಾಸ್' ಅಂತ ಕರೆಯುತ್ತಾರೆ) 15 ವರ್ಷ ದಾಟಿದವರಿಗೆ ಸ್ವಯಂಸೇವಕರ ಮೂಲಕ ಕಲಿಸುವಂಥದ್ದು, ಅದರ ಕೇಂದ್ರವೇ ಶಾಲೆ. ಅಂದರೆ ಈ ಕೆಲಸಕ್ಕೆ ಶಾಲೆಯ ಬಾಗಿಲು ತೆಗೆಯುವುದು ಯಾರಿಗೂ ತಕರಾರಿಲ್ಲದ ವಿಷಯ.

ಸಂಘದ ಸಭೆ ನಡೆಸಬಹುದಾ? ಪಾಠದ ಹೊತ್ತು ಬಿಟ್ಟು, ಅನುಮತಿ ಪಡೆದು, ನಡೆಸಬೇಕು ಅನ್ನುವವಳು ನಾನು. ಕಾರಣ ಇದೆ. ಸಭೆ ಒಬ್ಬರ ಮನೆಯಲ್ಲಿ ನಡೆದರೆ ಆ ಮನೆಯವರ ಜಾತಿ, ಆ ಮನೆಯವರ ಅಧಿಕಾರ ಎಲ್ಲವೂ ಸಭೆಯೊಳಗೆ ಬಂದು ಕೂರುತ್ತದೆ. ಕೆಲವರು ಒಳಗೆ ಬರುತ್ತಾರೆ, ಕೆಲವರು ಅಂಗಳದಲ್ಲೇ ನಿಲ್ಲುತ್ತಾರೆ. ನಾವು ನೋಡಿಯೂ ನೋಡದ ಹಾಗೆ ಇರುತ್ತೇವೆ. ಶಾಲೆಯ ಕೊಠಡಿಯಲ್ಲಿ ಎಲ್ಲರ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತ ಮೇಲೆ ತಾಯಂದಿರು ಬೇರೆ ಬೇರೆ ಕೂರುವುದು ಕಷ್ಟ. ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ 1989ರ ಸುಮಾರಿಗೆ ಶುರುವಾದ ಮಹಿಳಾ ಸಮಖ್ಯದವರು ಸಂಘಗಳಿಗೆ 'ಸಂಘದ ಮನೆ' ಕಟ್ಟಿಸಲು ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ. ಗಂಡಸರ ಮುಲಾಜಿಲ್ಲದೆ ಕೂತು ಮಾತಾಡುವ ಒಂದು ಜಾಗ ಸಿಕ್ಕಿದ ಮೇಲೆ ಹೆಣ್ಣುಮಕ್ಕಳ ದನಿಯೇ ಬೇರೆ ಆಗುತ್ತದೆ.

ಕೇಳಬಾರದವು

ಉಪ್ಪಿನಕಾಯಿ, ಹಪ್ಪಳ, ಊದಿನಕಡ್ಡಿ ಘಟಕಕ್ಕೆ ಶಾಲೆ ಕೊಠಡಿ ಬೇಡ. ನಿಮಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ವ್ಯಾಪಾರ ಅಂದ ತಕ್ಷಣ 2013ರ ಸುತ್ತೋಲೆ ಅಡ್ಡ ಬರುತ್ತದೆ. ಎಣ್ಣೆ, ಗ್ಯಾಸು, ಒಲೆ ಬಂದರೆ ಮಕ್ಕಳ ಜೀವದ ಪ್ರಶ್ನೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಬಿಸಿಯೂಟದ ಅಡುಗೆಮನೆಯಿಂದ ಹೊತ್ತಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಬೆಂಕಿ ಸುರಕ್ಷತೆಯ ಬಗ್ಗೆ ಕಟ್ಟುನಿಟ್ಟಿನ ನಿರ್ದೇಶನ ಕೊಟ್ಟಿತು. ಗೊಬ್ಬರದ ಚೀಲ, ಕೀಟನಾಶಕ, ಶಾಮಿಯಾನದ ಸಾಮಾನು ಇಡಲು ಕೊಠಡಿ ಕೊಡಿ ಅಂತ ಊರ ದೊಡ್ಡವರು ಕೇಳಿದರೂ ನಾವು ಎದ್ದು ನಿಂತು ಬೇಡ ಅನ್ನಬೇಕು. ಮದುವೆ, ರಾಜಕೀಯ ಸಭೆಯ ವಿಷಯ ಹೇಳಬೇಕಾಗಿಯೇ ಇಲ್ಲ. ಹೊಲಿಗೆ ತರಬೇತಿಯಾದರೆ ಅದು ಕಲಿಕೆ, ಸಂಜೆ ಅಥವಾ ರಜೆಯಲ್ಲಿ ಕೇಳಬಹುದು. ಆದರೆ ಮೋಟಾರು ಮಿಷನ್ನಿನ ಕರೆಂಟು ಬಿಲ್ಲು ಶಾಲೆಯ ತಲೆಗೆ ಬರಬಾರದು.

ಶಾಲೆ ಪೂರ್ತಿ ಖಾಲಿಯಾದ ಊರಿನವರಿಗೆ

ಇಲ್ಲಿ ಅವಸರ ಬೇಡ. ಇಡೀ ಕಟ್ಟಡ ಸಂಘದ ಭವನ ಆಗಲಿ ಅನ್ನುವ ಆಸೆ ಬರುತ್ತದೆ. ಆದರೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ ಶಾಲೆ ಇರಬೇಕು ಅನ್ನುವುದು ಶಿಕ್ಷಣ ಹಕ್ಕಿನ ನಿಯಮ. ಮೊದಲು ಮನೆ ಮನೆಗೆ ಹೋಗಿ ಆರು ವರ್ಷದ ಒಳಗಿನ ಮಕ್ಕಳ ಹೆಸರು ಬರೆದುಕೊಳ್ಳಿ. ಮುಂದಿನ ಮೂರು ವರ್ಷದಲ್ಲಿ ಎಂಟು-ಹತ್ತು ಮಕ್ಕಳು ಶಾಲೆಗೆ ಬರುವ ವಯಸ್ಸಿಗೆ ಬಂದರೆ, ಕಟ್ಟಡ ಕೇಳುವ ಅರ್ಜಿಯ ಬದಲು ಶಾಲೆ ಮತ್ತೆ ತೆರೆಯಿರಿ ಅನ್ನುವ ಅರ್ಜಿ ಬರೆಯಿರಿ. ನಿಜಕ್ಕೂ ಮಕ್ಕಳೇ ಇಲ್ಲ ಅಂದರೆ ಆಗ ಗ್ರಾಮಸಭೆಯಲ್ಲಿ ಇಡಿ. ಜಾಗ ದಾನ ಕೊಟ್ಟವರ ವಾರಸುದಾರರು ಪಹಣಿಯಲ್ಲಿ ಇನ್ನೂ ತಮ್ಮ ಹೆಸರಿದೆ ಅಂತ ಬರುವುದುಂಟು. ಬೀಗ ಹಾಕಿ ಬಿಟ್ಟ ಶಾಲೆಗೆ ಇದೇ ದೊಡ್ಡ ಅಪಾಯ. ಜನ ಓಡಾಡುವ ಕಟ್ಟಡವನ್ನು ಒಳಗೆ ಹಾಕಿಕೊಳ್ಳುವುದು ಸುಲಭ ಅಲ್ಲ.

ಅರ್ಜಿ ಹೇಗೆ?

ಕೊಠಡಿ ಎಷ್ಟು, ಮಕ್ಕಳು ತರಗತಿವಾರು ಎಷ್ಟು, ಯಾವ ಕೊಠಡಿ ಯಾವುದಕ್ಕೆ ಬಳಕೆ ಆಗುತ್ತಿದೆ ಅನ್ನುವುದನ್ನು ಮುಖ್ಯ ಶಿಕ್ಷಕರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ವರ್ಷ ಶಾಲೆಯವರು 'ಯುಡೈಸ್' ಅಂತ ಸರ್ಕಾರಕ್ಕೆ ಕೊಡುವ ಮಾಹಿತಿಯಲ್ಲಿ ಈ ಲೆಕ್ಕ ಇರುತ್ತದೆ. ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ. ಸಮಿತಿ ಸಭೆಯಲ್ಲಿ ಠರಾವು ಆಗಿ, ನಡವಳಿ ಪುಸ್ತಕದಲ್ಲಿ ಬರೆದು, ಸಹಿ ಆಗಬೇಕು. ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹೋಗಿ ಅಲ್ಲಿಂದ ಬರವಣಿಗೆಯಲ್ಲಿ ಅನುಮತಿ ಬರಬೇಕು. ಗ್ರಾಮ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೂ ಒಂದು ಪ್ರತಿ ಕೊಡಿ. ಎಂಜಿನಿಯರನ್ನು ಕರೆಸುವುದು, ದುರಸ್ತಿಗೆ ಹಣ ಇಡುವುದು ಪಂಚಾಯ್ತಿಯಿಂದ ಆಗುವ ಕೆಲಸ. ಪ್ರತಿ ಅರ್ಜಿಗೂ ಸ್ವೀಕೃತಿ ಸಹಿ ತೆಗೆದುಕೊಳ್ಳುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಒಪ್ಪಂದದ ಕಾಗದದಲ್ಲಿ ಇರಬೇಕಾದ್ದು ಇಷ್ಟು: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಗುಡಿಸುವವರು ಯಾರು (ಮಕ್ಕಳ ಕೈಯಲ್ಲಿ ಗುಡಿಸಬಾರದು). ಕರೆಂಟು ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು. ಕಿಟಕಿ ಒಡೆದರೆ ಯಾರು ಹಾಕಿಸುವುದು. ಶಾಲೆಯ ಹೊತ್ತಿನಲ್ಲಿ ಹೊರಗಿನ ಗಂಡಸರು ಒಳಗೆ ಬರಕೂಡದು, ಹೆಣ್ಣುಮಕ್ಕಳ ಶೌಚಾಲಯವನ್ನು ದೊಡ್ಡವರು ಬಳಸಕೂಡದು. ಈ ಎರಡು ಸಾಲು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮಕ್ಕಳ ರಕ್ಷಣೆಗೆ 2012ರ ಪೋಕ್ಸೋ ಕಾಯ್ದೆ ಇದೆ, 1098 ಸಹಾಯವಾಣಿ ಇದೆ. ಆ ನಂಬರನ್ನು ಕೊಠಡಿಯ ಹೊರಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಮತ್ತೆ ಅವಧಿ. ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ ಕೇಳಿ. ಮಕ್ಕಳ ಸಂಖ್ಯೆ ಹೆಚ್ಚಾಗಿ ಕೊಠಡಿ ಬೇಕು ಅಂತ ಎಸ್‌ಡಿಎಂಸಿ ತಿಳಿಸಿದರೆ 15 ದಿನದೊಳಗೆ ಬಿಟ್ಟುಕೊಡುತ್ತೇವೆ ಅಂತ ನಾವಾಗಿಯೇ ಬರೆದುಕೊಡೋಣ. ಮೇ ಕೊನೆಯಲ್ಲಿ ಶಾಲೆ ಶುರುವಾಗಿ ದಾಖಲಾತಿ ಲೆಕ್ಕ ಕೈಗೆ ಬರುವುದು ಜೂನಿನಲ್ಲಿ. ಆ ತಿಂಗಳ ಎಸ್‌ಡಿಎಂಸಿ ಸಭೆಗೆ ಸಂಘದಿಂದ ಇಬ್ಬರು ಹೋಗಿ ಆ ಲೆಕ್ಕ ನೋಡಿ, ಮುಂದುವರಿಸಬೇಕೋ ಬೇಡವೋ ಅಂತ ಅಲ್ಲೇ ಠರಾವು ಮಾಡಿಸಿಕೊಂಡು ಬರಲಿ. ಬೀಗದ ಕೈ ಎರಡು ಇರಲಿ, ಒಂದು ಯಾವಾಗಲೂ ಶಾಲೆಯ ಆಫೀಸಿನ ಗೋಡೆ ಮೇಲೆ.